ಹಿಂಜ್ ಕಿತ್ತುಬಂದ ಲ್ಯಾಪ್‌ಟಾಪ್: ವಾರಂಟಿ ಇದ್ದರೂ ‘ಭೌತಿಕ ಹಾನಿ’ ಎಂದು ವಾಪಸ್ ಕಳಿಸಿದ್ದಾರೆ (ಪರಿಹಾರವಾಗಿದೆ)

ಕಿಟಕಿಪಕ್ಕ:
ಮಗಳು ಕಾಲೇಜಿನ ಮೂರನೆಯ ವರ್ಷದಲ್ಲಿದ್ದಾಳೆ, ಇರುವುದು ಹಾಸ್ಟೆಲಿನಲ್ಲಿ. ಲ್ಯಾಪ್‌ಟಾಪ್ ಕೊಂಡು ಏಳು ತಿಂಗಳಾಗಿದೆ, ವಾರಂಟಿ ಒಂದು ವರ್ಷ. ಕೆಲವು ದಿನಗಳಿಂದ ಮುಚ್ಚಳ ತೆರೆಯುವಾಗ ಎಡಮೂಲೆಯಲ್ಲಿ ‘ಟಕ್’ ಎಂಬ ಸದ್ದು ಬರುತ್ತಿತ್ತಂತೆ. ಮೊನ್ನೆ ಹಿಂಜಿನ (ಮುಚ್ಚಳದ ಕೀಲಿನ) ಜೊತೆಗೆ ಕೀಬೋರ್ಡಿನ ಮೂಲೆಯೂ ಮೇಲೆದ್ದು ಬಂದಿದೆ. ತಳದ ಅಂಚು ಉಗುರು ತೂರುವಷ್ಟು ಬಾಯಿಬಿಟ್ಟಿದೆ. ಪರದೆಯೂ ಮಿನುಗುತ್ತಿದೆ.

ಅಧಿಕೃತ ಸರ್ವಿಸ್ ಸೆಂಟರಿಗೆ ಒಯ್ದಳು. ಕೌಂಟರಿನಲ್ಲಿದ್ದವರು ಒಂದು ನಿಮಿಷ ನೋಡಿ, ‘ಭೌತಿಕ ಹಾನಿ, ವಾರಂಟಿಯಲ್ಲಿ ಬರುವುದಿಲ್ಲ’ ಎಂದು ದುಡ್ಡಿನ ಅಂದಾಜು ಹೇಳಿದರಂತೆ. ‘ಬೀಳಿಸಿದ್ದೀಯಾ?’ ಎಂದು ಕೇಳಿದ್ದಕ್ಕೆ ಇವಳು ಗಾಬರಿಯಲ್ಲಿ ‘ಗೊತ್ತಿಲ್ಲ, ಬ್ಯಾಗಿನಲ್ಲಿತ್ತು’ ಎಂದಿದ್ದಾಳೆ. ಬೀಳಿಸಿಲ್ಲ ಎಂದು ನನಗೆ ಆಣೆ ಮಾಡಿ ಹೇಳುತ್ತಾಳೆ. ಬಿಲ್ಲು ನನ್ನ ಹೆಸರಿನಲ್ಲಿದೆ. ಪ್ರಾಜೆಕ್ಟ್ ಒಪ್ಪಿಸಲು ಮೂರು ವಾರವಷ್ಟೇ ಉಳಿದಿದೆ. ಏನು ಮಾಡಲಿ?

ನೀಲಿಪರದೆ:
ನನ್ನದೂ ಹೀಗೇ ಆಗಿತ್ತು. ಎರಡು ಹನಿ ಅಂಟು ಹಾಕಿ, ಕ್ಲಿಪ್ಪಿನಿಂದ ಒತ್ತಿ ಒಂದು ರಾತ್ರಿ ಬಿಟ್ಟೆ. ಇಂದಿಗೂ ನಡೆಯುತ್ತಿದೆ. ಈ ಸರ್ವಿಸ್ ಸೆಂಟರುಗಳ ಜೊತೆ ಯಾರು ಗುದ್ದಾಡುತ್ತಾರೆ?

ಸೋಲ್ಡರ್‌ಹೊಗೆ:
ದಯವಿಟ್ಟು ಅಂಟು ಮುಟ್ಟಬೇಡಿ. ಸರ್ವಿಸ್ ಸೆಂಟರಿನಲ್ಲಿ ಎಂಟು ವರ್ಷ ದುಡಿದವನು ಹೇಳುತ್ತಿದ್ದೇನೆ. ಪರದೆಯ ಕೇಬಲ್ ಹಿಂಜಿನ ಪಕ್ಕದಲ್ಲೇ ಹಾದುಹೋಗುತ್ತದೆ. ಅಂಟು ಹರಿದು ಅದಕ್ಕೆ ಹಿಡಿದರೆ ಮುಂದೆ ಬಿಚ್ಚುವವನು ಕೇಬಲನ್ನೇ ಹರಿಯಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಅಂಟಿನ ಗುರುತು ಕಂಡ ಕೂಡಲೇ ‘ಹೊರಗಿನವರು ಕೈಹಾಕಿದ್ದಾರೆ’ ಎಂದು ಬರೆಯುತ್ತಾರೆ. ಆ ಸಾಲು ಬಿದ್ದ ಮೇಲೆ ವಾದಕ್ಕೆ ಜಾಗವಿಲ್ಲ.

ಈಗ ಒಳಗೆ ಏನಾಗಿದೆ ಎಂದು ಹೇಳುತ್ತೇನೆ. ಹಿಂಜಿನ ಸ್ಕ್ರೂಗಳು ಪ್ಲಾಸ್ಟಿಕ್ಕಿಗೆ ನೇರವಾಗಿ ಕೂರುವುದಿಲ್ಲ. ಕವಚದಲ್ಲಿ ಮೊಳಕೆಯಂತೆ ಎದ್ದ ಚಿಕ್ಕ ಪ್ಲಾಸ್ಟಿಕ್ ಕಂಬಗಳಿರುತ್ತವೆ, ಅವುಗಳೊಳಗೆ ಕಾಳುಮೆಣಸಿನ ಗಾತ್ರದ ಹಿತ್ತಾಳೆಯ ನಟ್ಟುಗಳನ್ನು ಬಿಸಿಮಾಡಿ ಹೂತಿರುತ್ತಾರೆ. ಹಿಂಜ್ ಬಿಗಿಯಾಗಿದ್ದರೆ ಮುಚ್ಚಳ ಎತ್ತಿದಾಗಲೆಲ್ಲ ಆ ನಟ್ಟನ್ನು ಮೇಲಕ್ಕೆ ಎಳೆಯುತ್ತದೆ. ಕೊನೆಗೊಂದು ದಿನ ಕಂಬ ಸೀಳಿ ನಟ್ಟು ಕಿತ್ತುಬರುತ್ತದೆ. ನಿಮ್ಮ ಮಗಳು ಕೇಳಿದ ‘ಟಕ್’ ಅದೇ. ಅಂದರೆ ಇದು ಒಳಗಿನಿಂದ ಹೊರಕ್ಕೆ ಬಂದ ಮುರಿತ. ಬಿದ್ದ ಯಂತ್ರದಲ್ಲಿ ಮುರಿತ ಹೊರಗಿನಿಂದ ಒಳಕ್ಕೆ ಹೋಗುತ್ತದೆ: ಮೂಲೆ ಜಜ್ಜಿರುತ್ತದೆ, ಬಣ್ಣ ಎದ್ದಿರುತ್ತದೆ, ಒಮ್ಮೊಮ್ಮೆ ಗಾಜಿನಲ್ಲಿ ಸೀಳು ಇರುತ್ತದೆ.

ಈ ವ್ಯತ್ಯಾಸವನ್ನು ನೀವೇ ತೋರಿಸಿಕೊಡಬೇಕು. ನಾಲ್ಕೂ ಮೂಲೆಗಳ ಚಿತ್ರಗಳನ್ನು ಹಗಲು ಬೆಳಕಿನಲ್ಲಿ ಹತ್ತಿರದಿಂದ ತೆಗೆಯಲಿ. ಬಾಯಿಬಿಟ್ಟ ಅಂಚಿನ ಚಿತ್ರ ಬೇರೆಯಾಗಿರಲಿ. ಯಂತ್ರವನ್ನು ಮೆಲ್ಲಗೆ ಓರೆಮಾಡಿದಾಗ ಒಳಗೆ ಏನೋ ಉರುಳುವ ಸದ್ದು ಬಂದರೆ ಅದನ್ನೂ ವಿಡಿಯೊ ಮಾಡಲಿ, ಅದು ಕಳಚಿದ ನಟ್ಟು ಇರಬಹುದು. ಆದರೆ ಆಗ ಯಂತ್ರ ಪೂರ್ತಿ ಆರಿರಬೇಕು. ಮದರ್‌ಬೋರ್ಡಿನ, ಅಂದರೆ ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆಯ, ಮೇಲೆ ಲೋಹದ ಚೂರು ಓಡಾಡುವುದು ಒಳ್ಳೆಯದಲ್ಲ. ಅದಾದ ಮೇಲೆ ಮುಚ್ಚಳವನ್ನು ಮತ್ತೆ ಮತ್ತೆ ತೆರೆದು ಮುಚ್ಚಬೇಡಿ.

ಕಿಟಕಿಪಕ್ಕ:
ಎಷ್ಟೊಂದು ಸ್ಪಷ್ಟವಾಗಿ ಹೇಳಿದಿರಿ. ಪರದೆ ಮಿನುಗುವುದು ಬೇರೆ ದೋಷವೇ?

ಸೋಲ್ಡರ್‌ಹೊಗೆ:
ಮುಚ್ಚಳದ ಕೋನ ಬದಲಾದಂತೆ ಮಿನುಗು ಹೆಚ್ಚು ಕಡಿಮೆಯಾದರೆ ಕೇಬಲ್ ಸಿಕ್ಕಿಕೊಂಡಿದೆ ಎಂದು ಅರ್ಥ. ಎಚ್‌ಡಿಎಂಐ ತಂತಿಯಿಂದ ಹೊರಗಿನ ಮಾನಿಟರಿಗೋ ಟಿ.ವಿ.ಗೋ ಜೋಡಿಸಿ ನೋಡಲಿ. ಅಲ್ಲಿ ಚಿತ್ರ ನಿಶ್ಚಲವಾಗಿದ್ದರೆ ಗ್ರಾಫಿಕ್ಸ್ ಚಿಪ್ ಸರಿಯಿದೆ. ಹಾಗೆ ಜೋಡಿಸಿಟ್ಟೇ ಪ್ರಾಜೆಕ್ಟಿನ ಕಡತಗಳನ್ನು ಹೊರಗಿನ ಡಿಸ್ಕಿಗೆ ಇಂದೇ ನಕಲು ಮಾಡಿಕೊಳ್ಳಲಿ. ದತ್ತಾಂಶಕ್ಕೆ ಸರ್ವಿಸ್ ಸೆಂಟರ್ ಹೊಣೆಯಲ್ಲ ಎಂದು ಜಾಬ್ ಶೀಟಿನ (ಯಂತ್ರ ಒಪ್ಪಿಸುವಾಗ ಬರೆಯುವ ದುರಸ್ತಿ ಚೀಟಿಯ) ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ, ನಾವು ಅದರ ಕೆಳಗೇ ಸಹಿ ಹಾಕಿರುತ್ತೇವೆ.

ಇನ್ನೊಂದು ಮಾತು. ಬಿಟ್‌ಲಾಕರ್ ಎಂದರೆ ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ. ಅದರ ರಿಕವರಿ ಕೀಯನ್ನು ಈಗಲೇ ಬರೆದಿಟ್ಟುಕೊಳ್ಳಲಿ. ಹೊಸ ವಿಂಡೋಸ್ ಯಂತ್ರಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಡಿಸ್ಕ್ ತಾನಾಗಿಯೇ ಗೂಢಲಿಪೀಕರಣಗೊಂಡಿರುವುದು ಸಾಮಾನ್ಯ. ಬೀಗದ ಕೈ ಮದರ್‌ಬೋರ್ಡಿನ ಟಿಪಿಎಂ ಎಂಬ ಭದ್ರತಾ ಚಿಪ್ಪಿನಲ್ಲಿರುತ್ತದೆ. ಬೋರ್ಡ್ ಬದಲಾದರೆ ಡಿಸ್ಕ್ 48 ಅಂಕಿಗಳ ಕೀ ಕೇಳುತ್ತದೆ, ಅದಿಲ್ಲದೆ ಯಾವ ಸಲಕರಣೆಯಿಂದಲೂ ತೆರೆಯುವುದಿಲ್ಲ. ಹಿಂಜಿನ ಕೆಲಸಕ್ಕೆ ಬೋರ್ಡ್ ಏಕೆ ಬದಲಾದೀತು ಎನ್ನಬೇಡಿ.

ಬಿಲ್ಲುಕಾಯುವವ:
ದೂರು ಹೇಳುವ ಮಾತಿನ ಬಗ್ಗೆ ನನ್ನದೊಂದು ಅನುಭವ. ‘ಮುರಿದಿದೆ’ ಎಂದರೆ ‘ಯಾರು ಮುರಿದರು?’ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ‘ಸಾಮಾನ್ಯ ಬಳಕೆಯಲ್ಲಿ ಹಿಂಜ್ ಬಿಗಿಯಾಗಿ ಒಳಗಿನ ಸ್ಕ್ರೂ ಕಂಬ ಕಿತ್ತುಬಂದಿದೆ, ಹೊರಗೆ ಪೆಟ್ಟಿನ ಗುರುತಿಲ್ಲ, ಕೋನಕ್ಕೆ ತಕ್ಕಂತೆ ಪರದೆ ಮಿನುಗುತ್ತದೆ’ ಎಂದು ಬರೆದುಕೊಡಿ. ಅದೇ ವಾಕ್ಯ ಜಾಬ್ ಶೀಟಿನಲ್ಲಿ ಬರುವಂತೆ ನೋಡಿಕೊಳ್ಳಿ.

ಮತ್ತೆ, ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಬಂದ ‘ಇಲ್ಲ’ ನಿರಾಕರಣೆಯೇ ಅಲ್ಲ. ವಾರಂಟಿ ಕೊಟ್ಟಿರುವುದು ತಯಾರಕರು. ಅಧಿಕೃತ ಸೆಂಟರ್ ಎಷ್ಟೋ ಕಡೆ ಅವರ ಪರವಾಗಿ ಕೆಲಸ ಮಾಡುವ ಬೇರೆ ಸಂಸ್ಥೆ. ತಯಾರಕರ ಬೆಂಬಲ ವಿಭಾಗಕ್ಕೆ ನೇರವಾಗಿ ಇಮೇಲ್ ಕಳಿಸಿ, ಸೀರಿಯಲ್ ನಂಬರ್, ಬಿಲ್ಲು, ಚಿತ್ರಗಳು, ವಿಡಿಯೊ ಲಗತ್ತಿಸಿ. ಕೇಸ್ ನಂಬರ್ ಸಿಕ್ಕ ಮೇಲೆ, ‘ನಿರಾಕರಿಸುವುದಾದರೆ ವಾರಂಟಿಯ ಯಾವ ಷರತ್ತಿನ ಪ್ರಕಾರ ಎಂದು ಲಿಖಿತವಾಗಿ ತಿಳಿಸಿ’ ಎಂದು ಕೇಳಿ. ಸಿಟ್ಟು ಬೇಡ. ನಾನು ಮೊದಲ ಇಮೇಲಿನಲ್ಲಿ ಎರಡು ಪುಟ ಬೈದಿದ್ದೆ, ಉತ್ತರ ಬಂದದ್ದು ನಾಲ್ಕು ಸಾಲಿನ ಎರಡನೆಯದಕ್ಕೆ.

ಬಿಲ್ಲು ಯಾರ ಹೆಸರಿನಲ್ಲಿದ್ದರೂ ಅಷ್ಟೇನೂ ತೊಡಕಾಗದು. ವಾರಂಟಿಯ ಲೆಕ್ಕ ಸಾಮಾನ್ಯವಾಗಿ ಸೀರಿಯಲ್ ನಂಬರಿನ ಮೇಲೆ ನಡೆಯುತ್ತದೆ. ಆದರೆ ತಯಾರಕರ ಜಾಲತಾಣದಲ್ಲಿ ವಾರಂಟಿ ಮುಗಿಯುವ ದಿನ ನೋಡಿಡಿ. ಕಾರ್ಖಾನೆಯಿಂದ ಹೊರಟ ದಿನದಿಂದ ಎಣಿಸಿದ್ದರೆ ಬಿಲ್ಲು ತೋರಿಸಿ ತಿದ್ದಿಸಬಹುದು.

ಕಿಟಕಿಪಕ್ಕ:
ಆರು ದಿನಗಳ ನಂತರ ಬರೆಯುತ್ತಿದ್ದೇನೆ. ಚಿತ್ರಗಳ ಜೊತೆ ಇಮೇಲ್ ಕಳಿಸಿದ ಮೂರನೆಯ ದಿನ ಫೋನ್ ಬಂತು: ‘ಪರಿಶೀಲನೆಗೆ ಮತ್ತೆ ತನ್ನಿ.’ ಅದೇ ಸೆಂಟರ್, ಅದೇ ಕೌಂಟರ್. ಈ ಸಲ ಬಿಚ್ಚಿ ನೋಡಿದರು. ಎರಡು ಕಂಬಗಳು ಬುಡಸಮೇತ ಸೀಳಿದ್ದವಂತೆ, ಒಂದು ನಟ್ಟು ಫ್ಯಾನಿನ ಪಕ್ಕ ಸಿಕ್ಕಿತಂತೆ. ಮೇಲಿನ ಕವಚ, ಹಿಂಜ್, ಪರದೆಯ ಕೇಬಲ್, ಎಲ್ಲವೂ ವಾರಂಟಿಯಲ್ಲೇ.

ಆದರೆ ಕೇಬಲ್ ಬದಲಿಸಿದ ಮೇಲೆ ಪರದೆ ಪೂರ್ತಿ ಕಪ್ಪು. ಟಾರ್ಚ್ ಹಿಡಿದರೆ ಮಸುಕಾಗಿ ಚಿತ್ರ ಕಾಣುತ್ತದಂತೆ. ಮದರ್‌ಬೋರ್ಡ್ ಬದಲಿಸಬೇಕು ಎಂದರು!

ಸೋಲ್ಡರ್‌ಹೊಗೆ:
ಚಿತ್ರವಿದೆ, ಹಿಂಬೆಳಕು ಇಲ್ಲ. ಜಜ್ಜಿದ ಕೇಬಲ್ ಒಳಗೆ ಶಾರ್ಟ್ ಆಗಿ ಬೋರ್ಡಿನ ಮೇಲಿನ ಹಿಂಬೆಳಕಿನ ಫ್ಯೂಸ್ ಹೋಗಿರಬೇಕು. ಅಕ್ಕಿಕಾಳಿಗಿಂತ ಚಿಕ್ಕ ಬಿಡಿಭಾಗ. ನಾನಾಗಿದ್ದರೆ ಅದೊಂದನ್ನೇ ಬೆಸೆದು ಕೊಡುತ್ತಿದ್ದೆ. ಆದರೆ ವಾರಂಟಿ ಕೆಲಸದಲ್ಲಿ ಇಡೀ ಬೋರ್ಡ್ ಬದಲಿಸುವುದೇ ರೂಢಿ. ಕೀ ತೆಗೆದಿಟ್ಟುಕೊಂಡಿದ್ದಾಳೆ ತಾನೇ?

ಕಿಟಕಿಪಕ್ಕ:
ತೆಗೆದಿಟ್ಟಿರಲಿಲ್ಲ. ಯಂತ್ರ ಕೈಗೆ ಬಂದು ಆನ್ ಮಾಡಿದರೆ ನೀಲಿ ಪರದೆ, 48 ಅಂಕಿ ಕೇಳುತ್ತಿದೆ. ಅವಳ ಮೈಕ್ರೋಸಾಫ್ಟ್ ಖಾತೆಯ ಪುಟ ತೆರೆದರೆ ಯಾವ ಕೀಯೂ ಇಲ್ಲ. ಪ್ರಾಜೆಕ್ಟ್ ನಕಲಾಗಿದೆ, ಮೂರು ವರ್ಷದ ಚಿತ್ರಗಳು ಆಗಿಲ್ಲ. ಅಳುತ್ತಿದ್ದಾಳೆ.

ಸೋಲ್ಡರ್‌ಹೊಗೆ:
‘ಡಿಸ್ಕ್ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿ’ ಎಂದು ಯಾರು ಹೇಳಿದರೂ ಒಪ್ಪಬೇಡಿ. ಕಾಲೇಜು ಕೊಟ್ಟ ಇಮೇಲಿನಿಂದ ಎಂದಾದರೂ ಆ ಯಂತ್ರದಲ್ಲಿ ಲಾಗಿನ್ ಆಗಿದ್ದಳೇ? ಹಾಗಿದ್ದರೆ ಕೀ ಕಾಲೇಜಿನ ಖಾತೆಯಲ್ಲಿರಬಹುದು. ಆ ಖಾತೆಯ ‘ಸಾಧನಗಳು’ ಪುಟದಲ್ಲಿ ನೋಡಲಿ, ಅಲ್ಲಿ ಕಾಣದಿದ್ದರೆ ಕಾಲೇಜಿನ ಕಂಪ್ಯೂಟರ್ ವಿಭಾಗದವರನ್ನು ಕೇಳಲಿ. ನೀಲಿ ಪರದೆಯಲ್ಲಿ ಕೀ ಐಡಿ ಎಂದು ಒಂದು ಗುರುತು ಇರುತ್ತದೆ, ಅದರ ಮೊದಲ ಎಂಟು ಅಕ್ಷರಗಳು ಹೊಂದಬೇಕು.

ಕಿಟಕಿಪಕ್ಕ:
ಸಿಕ್ಕಿತು! ಆಫೀಸ್ ತಂತ್ರಾಂಶಕ್ಕಾಗಿ ಮೊದಲ ದಿನವೇ ಕಾಲೇಜಿನ ಖಾತೆ ಹಾಕಿದ್ದಳಂತೆ, ಮರೆತೇಬಿಟ್ಟಿದ್ದಳು. ಆರಾರು ಅಂಕಿಗಳ ಎಂಟು ಗುಂಪು, ನಾನು ಫೋನಿನಲ್ಲಿ ಓದಿದೆ, ಅವಳು ಒತ್ತಿದಳು. ಐದನೆಯ ಗುಂಪಿನಲ್ಲಿ ಒಂದು ತಪ್ಪಾಯಿತು, ತಿದ್ದಿದಳು. ಎಲ್ಲ ಕಡತಗಳೂ ಇವೆ.

ಈಗ ಒಂದೇ ಕೊರತೆ: ವೈಫೈ ಮೊದಲಿನಷ್ಟು ಎಳೆಯುತ್ತಿಲ್ಲ. ರೂಟರ್ ಪಕ್ಕದಲ್ಲಿದ್ದರೆ ಮಾತ್ರ ಸರಿ.

ಸೋಲ್ಡರ್‌ಹೊಗೆ:
ಆಂಟೆನಾ ತಂತಿಗಳೂ ಹಿಂಜಿನ ಮೂಲಕವೇ ಮುಚ್ಚಳಕ್ಕೆ ಹೋಗುತ್ತವೆ. ಬೋರ್ಡ್ ಕೂರಿಸುವಾಗ ಒಂದರ ತುದಿಯ ಗುಂಡಿಯಂಥ ಕೊಂಡಿಯನ್ನು ಒತ್ತಿ ಕೂರಿಸುವುದು ಮರೆತಿರುತ್ತಾರೆ. ದುರಸ್ತಿಗೂ ಪ್ರತ್ಯೇಕ ಖಾತರಿ ಇರುತ್ತದೆ, ಜಾಬ್ ಶೀಟ್ ಹಿಡಿದು ಹೋಗಲಿ. ಹೋದಾಗ ಬಯೋಸ್‌ನಲ್ಲಿ (ವಿಂಡೋಸಿಗೂ ಮೊದಲು ತೆರೆಯಬಹುದಾದ ಯಂತ್ರದ ಸೆಟ್ಟಿಂಗ್ ಪುಟದಲ್ಲಿ) ತೋರುವ ಸೀರಿಯಲ್ ನಂಬರ್ ತಳದ ಚೀಟಿಯಲ್ಲಿರುವುದಕ್ಕೆ ಹೊಂದುತ್ತದೆಯೇ ನೋಡಲಿ. ಹೊಸ ಬೋರ್ಡಿನಲ್ಲಿ ಅದನ್ನು ಬರೆಯದೆ ಖಾಲಿ ಬಿಟ್ಟಿದ್ದರೆ ಮುಂದಿನ ಸಲ ವಾರಂಟಿ ಕೇಳುವಾಗ ಮತ್ತೆ ಜಗಳ.

ಕಿಟಕಿಪಕ್ಕ:
ಖಾಲಿಯೇ ಇತ್ತು! ಎದುರಿಗೇ ಬರೆಸಿಕೊಂಡು ಬಂದಿದ್ದಾಳೆ. ಆಂಟೆನಾ ಗುಂಡಿಯೂ ಕಳಚಿತ್ತಂತೆ. ಈಗ ಹಾಸ್ಟೆಲಿನ ಕೊನೆಯ ಕೋಣೆಯಲ್ಲೂ ವೈಫೈ ಸಿಗುತ್ತಿದೆ.