‘1492ರಿಂದ’ ಮೀಮ್‌ನಲ್ಲಿರುವ ಜೆರೊನಿಮೊ: ಸಾಕ್ಷ್ಯಚಿತ್ರಕ್ಕೆ ಫೋಟೊ, ಹೆಸರು, ತಾರೀಕು

ಬೆಳ್ಳಿಪರದೆ:
ಬಂದೂಕು ಹಿಡಿದು ಸಾಲಾಗಿ ನಿಂತ ನಾಲ್ವರು ಅಪಾಚೆಗಳು (ಅಮೆರಿಕದ ಒಂದು ಮೂಲನಿವಾಸಿ ಜನಾಂಗ), ಜೊತೆಗೆ ‘ಹೋಮ್‌ಲ್ಯಾಂಡ್ ಸೆಕ್ಯುರಿಟಿ, 1492ರಿಂದ ಭಯೋತ್ಪಾದನೆ ವಿರುದ್ಧ ಹೋರಾಟ’ ಅನ್ನೋ ಬರಹ. ಈ ಮೀಮ್‌ನಲ್ಲಿರುವ, ಅಮೆರಿಕದ ಸೇನೆಯ ವಿರುದ್ಧ ಹೋರಾಡಿದ ಅಪಾಚೆ ಜೆರೊನಿಮೊ ಬಗ್ಗೆ ಕನ್ನಡದಲ್ಲಿ 12 ನಿಮಿಷದ ಸಾಕ್ಷ್ಯಚಿತ್ರ ತಯಾರಾಗ್ತಿದೆ. ಒಳ್ಳೆಯ ಫೋಟೊ ಎಲ್ಲಿ ಸಿಗುತ್ತೆ? ಆ ಶ್ಲೇಷೆಯನ್ನು ಕನ್ನಡಕ್ಕೆ ತರೋದು ಹೇಗೆ? ಮೊದಲು ಯಾವ ಚಿತ್ರ ನೋಡಬೇಕು?

ಗಾಜಿನಫಲಕ:
ಮೀಮ್‌ನಿಂದ ಫೋಟೊ ಎತ್ತಬೇಡಿ. ಅದು ಛಾಯಾಗ್ರಾಹಕ ಸಿ. ಎಸ್. ಫ್ಲೈ 1886ರ ಮಾರ್ಚ್‌ನಲ್ಲಿ ಮೆಕ್ಸಿಕೊದ ಸೊನೊರಾದಲ್ಲಿ ತೆಗೆದ ಚಿತ್ರ. ಹಕ್ಕುಸ್ವಾಮ್ಯ ಎಂದೋ ಮುಗಿದಿದೆ. ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲತಾಣದಲ್ಲಿ ‘ಜೆರೊನಿಮೊ, ಸನ್ ಅಂಡ್ ಟೂ ಪಿಕ್ಡ್ ಬ್ರೇವ್ಸ್’ ಅಂತ ಹುಡುಕಿ, ಇರೋದರಲ್ಲೇ ದೊಡ್ಡ ಟಿಫ್ ಫೈಲ್ ಇಳಿಸಿಕೊಳ್ಳಿ. 1920 ಪಿಕ್ಸೆಲ್ ಅಗಲದ ವೀಡಿಯೊದಲ್ಲಿ ನಾಲ್ಕು ಪಟ್ಟು ಜೂಮ್ ಮಾಡಬೇಕಾದರೆ ಸ್ಕ್ಯಾನ್ 7680 ಪಿಕ್ಸೆಲ್ ಅಗಲ ಇರಬೇಕು. ಅಷ್ಟು ಸಿಗದಿದ್ದರೆ ಜೂಮ್ ಕಡಿಮೆ ಮಾಡಿ. ಎಐ ಹಾಕಿ ಹಿಗ್ಗಿಸಿದರೆ ಇಲ್ಲದ ಕಣ್ಣು, ಇಲ್ಲದ ಸುಕ್ಕು ಹುಟ್ಟಿಕೊಳ್ಳುತ್ತವೆ. ನಿಜವಾದ ಮನುಷ್ಯನನ್ನು ತೋರಿಸ್ತೀವಿ ಅನ್ನೋ ಚಿತ್ರದಲ್ಲಿ ಅದು ಸಲ್ಲದು.

ಆ ಶೀರ್ಷಿಕೆಯನ್ನೇ ನೋಡಿ: ಹೆಸರಿರೋದು ಒಬ್ಬನಿಗೆ ಮಾತ್ರ. ಉಳಿದವರು ‘ಮಗ’ ಮತ್ತು ‘ಇಬ್ಬರು ಆಯ್ದ ವೀರರು’. ಎಡದಿಂದ ಯಾನೋಜಾ, ಮಗ ಚಾಪೊ, ಫನ್, ಬಲತುದಿಯಲ್ಲಿ ಜೆರೊನಿಮೊ. ಅವನು ಎಡತುದಿಯಲ್ಲಿ ಕಂಡರೆ ಯಾರೋ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿದ್ದಾರೆ ಅಂತಲೇ ಅರ್ಥ. ನಾಲ್ಕೂ ಹೆಸರು ಪರದೆ ಮೇಲೆ ಬರಲಿ. ಚಾಪೊ ಸೆರೆಯಲ್ಲಿದ್ದಾಗಲೇ ಕ್ಷಯದಿಂದ 1894ರಲ್ಲಿ ತೀರಿಕೊಂಡ. ಮೀಮ್‌ನಲ್ಲಿ ಅವನು ಬರೀ ‘ಪಕ್ಕದವನು’.

ತಾರೀಕುಪುಸ್ತಕ:
ಇನ್ನೊಂದು ಎಚ್ಚರಿಕೆ. ಜೆರೊನಿಮೊ ಮಂಡಿಯೂರಿ ಬಂದೂಕು ಹಿಡಿದ ಇನ್ನೊಂದು ಫೋಟೊಗೆ ಬಹಳ ಕಡೆ ‘ಬೆನ್ ವಿಟಿಕ್, 1887’ ಅಂತ ಬರೆದಿರುತ್ತೆ. ಆ ವರ್ಷ ಜೆರೊನಿಮೊ ಫ್ಲಾರಿಡಾದ ಫೋರ್ಟ್ ಪಿಕನ್ಸ್‌ನಲ್ಲಿ ಕೈದಿ. ಅದು ಎ. ಫ್ರಾಂಕ್ ರಾಂಡಲ್ ಅದಕ್ಕೂ ಮೊದಲು ತೆಗೆದದ್ದು.

ಫ್ಲೈ ಚಿತ್ರವನ್ನು ‘ಯುದ್ಧದ ನಡುವೆ’ ಅಂತ ಕರೆದರೂ ತಪ್ಪಾಗುತ್ತೆ. ಅಮೆರಿಕ ಸೇನೆಯ ಜನರಲ್ ಕ್ರೂಕ್ ಜೊತೆ ಸಂಧಾನದ ಮಾತುಕತೆ ನಡೆಯುತ್ತಿದ್ದ ದಿನಗಳವು. ಕೆಲವೇ ದಿನಗಳಲ್ಲಿ ಜೆರೊನಿಮೊ ಮತ್ತೆ ತಪ್ಪಿಸಿಕೊಂಡ. ಕೊನೆಯ ಶರಣಾಗತಿ 1886ರ ಸೆಪ್ಟೆಂಬರ್ 4ರಂದು, ಅರಿಜೋನಾದ ಸ್ಕೆಲಿಟನ್ ಕ್ಯಾನ್ಯನ್‌ನಲ್ಲಿ. ಸಾವು 1909ರ ಫೆಬ್ರುವರಿ 17, ಒಕ್ಲಹೋಮಾದ ಫೋರ್ಟ್ ಸಿಲ್, ಆಗಲೂ ಯುದ್ಧಕೈದಿ. ‘ಮುಖಂಡ ಜೆರೊನಿಮೊ’ ಅಂತ ನಿರೂಪಣೆ ಬರೆಯಬೇಡಿ. ಗುಂಪಿನ ಮುಖಂಡ ನಾಯ್ಚೆ.

ಒತ್ತಕ್ಷರ:
ಶ್ಲೇಷೆಯನ್ನು ಅನುವಾದಿಸಲು ಹೋದರೆ ಸಾಯುತ್ತೆ. ‘ತಾಯ್ನಾಡಿನ ಭದ್ರತೆ’ ಅಂದ ತಕ್ಷಣ ಅದು ಒಂದು ಸರ್ಕಾರಿ ಇಲಾಖೆಯ ಹೆಸರು ಅನ್ನೋದೇ ಮಾಯ. ಮೀಮ್ ತೋರಿಸುವ ಮೊದಲೇ ನಿರೂಪಣೆಯಲ್ಲಿ ಎರಡು ವಾಕ್ಯ ಹೇಳಿ: 2001ರ ದಾಳಿಯ ನಂತರ ಅಮೆರಿಕ ಈ ಹೆಸರಿನ ಇಲಾಖೆ ಕಟ್ಟಿತು, 1492 ಕೊಲಂಬಸ್ ಬಂದಿಳಿದ ವರ್ಷ. ಆಮೇಲೆ ಚಿತ್ರವನ್ನು ಐದಾರು ಸೆಕೆಂಡ್ ಮೌನವಾಗಿ ಬಿಡಿ, ನೋಡುಗರೇ ನಗ್ತಾರೆ.

ವೀಡಿಯೊ ಸಂಕಲನದ ತಂತ್ರಾಂಶ ಪ್ರೀಮಿಯರ್‌ನಲ್ಲಿ ಕನ್ನಡ ಅಕ್ಷರ ಹಾಕುವಾಗ ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ವಿಭಾಗದಲ್ಲಿ ಟೆಕ್ಸ್ಟ್ ಎಂಜಿನ್ ಅನ್ನು ‘ಸೌತ್ ಏಷ್ಯನ್ ಅಂಡ್ ಮಿಡಲ್ ಈಸ್ಟರ್ನ್’ ಮಾಡಿ. ಇಲ್ಲವಾದರೆ ‘ಸೆಕ್ಯುರಿಟಿ’ಯ ಒತ್ತು ಕಳಚಿ ಪಕ್ಕಕ್ಕೆ ನಿಲ್ಲುತ್ತೆ.

ಮೊದಲು ನೋಡಬೇಕಾದ್ದು ಅಮೆರಿಕದ ಸಾರ್ವಜನಿಕ ಟಿವಿ ಪಿಬಿಎಸ್‌ನ ‘ವಿ ಶಲ್ ರಿಮೇನ್’ (2009), ಐದು ಕಂತುಗಳಲ್ಲಿ ನಾಲ್ಕನೆಯದು. ನಿರ್ದೇಶಕರಲ್ಲಿ ಒಬ್ಬರಾದ ಡಸ್ಟಿನ್ ಕ್ರೇಗ್ ಸ್ವತಃ ವೈಟ್ ಮೌಂಟನ್ ಅಪಾಚೆ. ಜೆರೊನಿಮೊ ಬಗ್ಗೆ ಅಪಾಚೆಗಳಲ್ಲೇ ಇರುವ ಭಿನ್ನ ಅಭಿಪ್ರಾಯಗಳನ್ನು ಅದು ಮುಚ್ಚಿಡುವುದಿಲ್ಲ. ಅವನನ್ನು ಹಿಡಿಯಲು ಸೇನೆಗೆ ನೆರವಾದ ಚಿರಿಕಾವಾ (ಜೆರೊನಿಮೊನದೇ ಅಪಾಚೆ ಪಂಗಡ) ಸ್ಕೌಟ್‌ಗಳನ್ನೂ, ಅಂದರೆ ಜಾಡು ಹಿಡಿಯುವವರನ್ನೂ, ಕೊನೆಗೆ ರೈಲು ಹತ್ತಿಸಿ ಫ್ಲಾರಿಡಾಕ್ಕೆ ಸಾಗಿಸಿದರು. ನಿಮ್ಮ 12 ನಿಮಿಷದಲ್ಲಿ 2 ನಿಮಿಷ ಇದಕ್ಕೇ ಕೊಡಿ.

ಬೆಳ್ಳಿಪರದೆ:
ಹಿನ್ನೆಲೆಗೆ ಕೊಳಲು, ಡೋಲು ಇರುವ ಸ್ಟಾಕ್ ಸಂಗೀತ ಸಾಕಾ?

ಒತ್ತಕ್ಷರ:
ಬೇಡ. ಅದು ಸಿನಿಮಾ ಕಟ್ಟಿದ ‘ಇಂಡಿಯನ್’ ಸದ್ದು. ಅಪಾಚೆಗಳಿಗೆ ಕತ್ತಾಳೆಯ ಕಾಂಡದಲ್ಲಿ ಮಾಡಿ ಕುದುರೆ ಕೂದಲಿನ ತಂತಿ ಕಟ್ಟುವ ಪಿಟೀಲಿದೆ. ಅದನ್ನು ನುಡಿಸುವವರ ಅನುಮತಿ ಸಿಕ್ಕರೆ ಬಳಸಿ. ಸಿಗದಿದ್ದರೆ ಬರೀ ಗಾಳಿಯ ಸದ್ದು ಸಾಕು.