ಸಮಸ್ಯಾಪೂರಣ: ‘ಮರೆತ ಸಾಲೇ ಹಾಡಿಗುಸಿರಾಯಿತು’

ಸಮಸ್ಯೆ

ಮೇಲಿನ ಸಾಲೇ ಕೊನೆಯ ಸಾಲಾಗುವಂತೆ ಪದ್ಯ ಕಟ್ಟಿ ಅದರ ಒಗಟು ಬಿಡಿಸಬೇಕು. ಸಾಲು ಮರೆತರೆ ಹಾಡು ಕೆಡಬೇಕು, ಅದೇ ಉಸಿರಾಗುವುದು ಹೇಗೆ? ಕಟ್ಟುಕಥೆ ಬೇಡ. ಜನಪ್ರಿಯ ಹಾಡೊಂದು ನಿಜವಾಗಿ ಹುಟ್ಟಿದ ಅಥವಾ ಧ್ವನಿಮುದ್ರಣಗೊಂಡ ಬಗೆಯಿಂದಲೇ ಬಿಡಿಸಿ. ಪಂಚಮಾತ್ರಾ ಚೌಪದಿ (ಐದೈದು ಮಾತ್ರೆಯ ಗಣಗಳ ನಾಲ್ಕು ಸಾಲು), ಆದಿಪ್ರಾಸ ‘ರ’ (ಪ್ರತಿ ಸಾಲಿನ ಎರಡನೆಯ ಅಕ್ಷರ), ಅದರ ಹಿಂದಿನ ಅಕ್ಷರ ಲಘು (ಒಂದೇ ಮಾತ್ರೆಯದು).

ಪೂರಣ 1

1960ರ ಫೆಬ್ರವರಿ 13, ಪಶ್ಚಿಮ ಬರ್ಲಿನ್. ತುಂಬಿದ ಸಭೆಯೆದುರು ‘ಮ್ಯಾಕ್ ದ ನೈಫ್’ ಹಾಡುತ್ತಿದ್ದ ಜಾಝ್ ಗಾಯಕಿ ಎಲಾ ಫಿಟ್ಜೆರಾಲ್ಡ್ ಅವರಿಗೆ ನಡುವೆ ಸಾಹಿತ್ಯ ಮರೆತುಹೋಯಿತು. ಅವರು ನಿಲ್ಲಿಸಲಿಲ್ಲ. ಮರೆತ ಸಂಗತಿಯನ್ನೇ ತಾಳಕ್ಕೆ ಕೂರಿಸಿ ಹಾಡಿದರು, ಗಾಯಕ ಲೂಯಿ ಆರ್ಮ್‌ಸ್ಟ್ರಾಂಗ್ ದನಿಯನ್ನೂ ಅನುಕರಿಸಿದರು. ಆ ಧ್ವನಿಮುದ್ರಣಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂತು.

ನೆರೆದ ಸಭೆ ಬರ್ಲಿನಲಿ ಪದವಳಿಯೆ ನೆನಪಿಂದ
ಕೊರಳು ನಿಲ್ಲದೆ ನುಡಿಯ ಹೊಸೆಯಿತಲ್ಲೇ
ಇರುಳ ಸೆರೆಹಿಡಿದ ಸುರುಳಿಗೆ ಬಂತು ಬಹುಮಾನ
ಮರೆತ ಸಾಲೇ ಹಾಡಿಗುಸಿರಾಯಿತು

ಪ್ರತಿಕ್ರಿಯೆ

ಟೇಪನ್ನು ‘ಇರುಳ ಸೆರೆಹಿಡಿದ ಸುರುಳಿ’ ಅಂದಿರಲ್ಲ ಸರ್, ಆ ಮಾತಿಗೇ ನಮಸ್ಕಾರ.

ಪೂರಣ 2

ನನ್ನದು ಅಮೆರಿಕದ ಗಾಯಕ ಬಿಲ್ ವಿದರ್ಸ್ ಅವರ ‘ಏಂಟ್ ನೋ ಸನ್‌ಶೈನ್’ (ಬಿಸಿಲಿಲ್ಲ), 1971. ಆಗಿನ್ನೂ ಅವರು ವಿಮಾನಗಳಿಗೆ ಶೌಚಾಲಯ ತಯಾರಿಸುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಒಂದು ಕಡೆ ಮಾತು ಇನ್ನೂ ಬರೆದಿರಲಿಲ್ಲ. ಸದ್ಯಕ್ಕಿರಲಿ ಎಂದು ‘ಐ ನೋ’ (ಗೊತ್ತೆನಗೆ) ಎಂಬುದನ್ನೇ 26 ಸಲ ಹಾಡಿದರು. ಜೊತೆಯಲ್ಲಿದ್ದ ವಾದ್ಯಗಾರರು ‘ಹಾಗೇ ಬಿಡಿ’ ಎಂದರು.

ಬರೆದಿರದ ಕಡೆಯಲ್ಲಿ ‘ಗೊತ್ತೆನಗೆ ಗೊತ್ತೆನಗೆ’
ಸುರಿದುದಿಪ್ಪತ್ತಾರು ಹನಿಯ ಮಳೆಯು
‘ಅರಸದಿರು ಬೇರೆ ಪದ ಬಿಸಿಲಿಲ್ಲದೀ ಮನೆಗೆ’
ಮರೆತ ಸಾಲೇ ಹಾಡಿಗುಸಿರಾಯಿತು

ಪ್ರತಿಕ್ರಿಯೆ

ಬಿಸಿಲಿಲ್ಲದ ಮನೆಗೆ ಮಳೆ! ಓದಿ ಸುಮ್ಮನೆ ಕೂತೆ, ಅಕ್ಕ. ಆದರೆ ವಿದರ್ಸ್ ಮರೆಯಲಿಲ್ಲವಲ್ಲ? ಸಮಸ್ಯೆಯ ಒಂದೊಂದು ಪದಕ್ಕೂ ಪದ್ಯ ಲೆಕ್ಕ ಒಪ್ಪಿಸಬೇಕು.

ಉತ್ತರ

ನಿಜ. ಬಿಟ್ಟದ್ದು ಬೇರೆ, ಮರೆತದ್ದು ಬೇರೆ. ಪೂರಣ ಆಗಲಿಲ್ಲ, ಆದರೂ ಪದ್ಯ ಅಳಿಸಲು ಮನಸ್ಸು ಬರುತ್ತಿಲ್ಲ.

ಪೂರಣ 3

ಮರೆತವರು ಯಾರೆಂದು ಸಮಸ್ಯೆ ಹೇಳುವುದಿಲ್ಲ. ಹಾಡಿದವರೇ ಯಾಕಾಗಬೇಕು? ನಾವು ಕೇಳುಗರೂ ಆಗಬಹುದು.

ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಅವರಿಗೆ ‘ಯೆಸ್ಟರ್‌ಡೇ’ ಧಾಟಿ ನಿದ್ದೆಯಿಂದೇಳುವಾಗಲೇ ಇಡಿಯಾಗಿ ಸಿಕ್ಕಿತ್ತು. ಬೇರೆ ಯಾರದೋ ಧಾಟಿ ಇರಬಹುದೆಂಬ ಅಳುಕಿನಲ್ಲಿ ಎಷ್ಟೋ ದಿನ ಕಂಡಕಂಡವರನ್ನು ಕೇಳಿದರು. ಮಾತು ಹುಟ್ಟುವ ತನಕ ಹಾಡಿಕೊಂಡದ್ದು ‘ಸ್ಕ್ರ್ಯಾಂಬಲ್ಡ್ ಎಗ್ಸ್’ (ಹುರಿದ ಮೊಟ್ಟೆ) ಅಂತ. ಎರಡಕ್ಕೂ ಬಾಯಲ್ಲಿ ಮೂರೇ ಪೆಟ್ಟು, ಉಚ್ಚರಿಸಿ ನೋಡಿ. ಪದ ಹೊಳೆಯದಾಗ ನಾವು ‘ತನನ’ ಎಂದು ಮಾತ್ರೆ ಹಿಡಿದಿಡುವುದಿಲ್ಲವೇ, ಥೇಟ್ ಹಾಗೆ. 1965ರ ಜೂನ್ 14ರಂದು ಲಂಡನ್ನಿನ ಇಎಂಐ ಸ್ಟುಡಿಯೋದಲ್ಲಿ ಗಿಟಾರ್ ಹಿಡಿದು ಒಬ್ಬರೇ ಹಾಡಿದರು. ನಿರ್ಮಾಪಕ ಜಾರ್ಜ್ ಮಾರ್ಟಿನ್ ಸಂಯೋಜಿಸಿದ ನಾಲ್ಕು ತಂತಿವಾದ್ಯಗಳು ಆಮೇಲೆ ಸೇರಿದವು. ಮೊಟ್ಟೆಯ ಸಾಲು ಹಾಡಿನಲ್ಲಿ ಉಳಿಯಲಿಲ್ಲ.

ಬರಿಗನಸು ತಂದ ಧಾಟಿಗೆ ಮಾತು ಹುಟ್ಟದಿರೆ
ಹುರಿದ ಮೊಟ್ಟೆಯ ಹಾಡಿ ದಿನ ನೂಕಿದ
ಕೊರಗದಿರು ಬಿಟ್ಟುದಕೆ, ನಿಜಪದವು ಬರುವನಕ
ಮರೆತ ಸಾಲೇ ಹಾಡಿಗುಸಿರಾಯಿತು

ಸಮಸ್ಯೆ ಕೊಟ್ಟವರಿಂದ

‘ಬರುವನಕ’ ಎಂಬ ಒಂದೇ ಪದದಿಂದ ನನ್ನ ಸಾಲಿನ ಅರ್ಥವೇ ತಿರುಗಿತು. ಹೀಗೆ ತಿರುಗೀತೆಂದು ನಾನೂ ಎಣಿಸಿರಲಿಲ್ಲ. ಈ ಸಲದ ಮಾಲೆ ಮೂರನೆಯ ಪೂರಣಕ್ಕೆ.

ಅಕ್ಕ, ನಿಮ್ಮ ಮಳೆಯ ಪದ್ಯಕ್ಕಾಗಿಯೇ ಮುಂದಿನ ಸಮಸ್ಯೆ, ಪ್ರಾಸವೂ ಅದೇ: ‘ಬರೆಯದಿಹ ನುಡಿಯೆ ಹಾಡಿಗುಸಿರಾಯ್ತು’. ನಿಮ್ಮ ಮೊದಲ ಸಾಲಿನ ‘ಬರೆದಿರದ’ ಮಾತ್ರ ಬದಲಿಸಿಕೊಳ್ಳಿ, ಪುನರುಕ್ತಿಯಾಗುತ್ತದೆ.