ಅವ್ವನ ದೀಡು ನಮಸ್ಕಾರದ ಹರಕೆ: ತಡೆಯುವುದು ಹೇಗೆ?

ಪ್ರಶ್ನೆ (ದಾವಣಗೆರೆಯಿಂದ)
ನಮ್ಮೂರಿನ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ನನ್ನ ಮಗಳು ಕಾಯಿಲೆಯಿಂದ ಎದ್ದರೆ ಉಪವಾಸವಿದ್ದು, ಬೇವಿನುಡುಗೆ ತೊಟ್ಟು, ಮನೆಯಿಂದ ಗುಡಿಯವರೆಗೆ ದೀಡು ನಮಸ್ಕಾರ (ಉದ್ದಕ್ಕೂ ಅಡ್ಡಬಿದ್ದು ಎದ್ದು ಸಾಗುವುದು) ಹಾಕುವುದಾಗಿ ನಮ್ಮವ್ವ ಹರಕೆ ಹೊತ್ತಿದ್ದರು. ಮಗಳು ಗುಣವಾಗಿದ್ದಾಳೆ. ಆದರೆ ಅವ್ವನಿಗೆ ಈಗ 64 ವರ್ಷ, ಸಕ್ಕರೆ ಕಾಯಿಲೆ ಬಂದು 15 ವರ್ಷವಾಗಿದೆ. ಬೇಡವೆಂದರೆ, ಮಾತು ತಪ್ಪಿದ್ದು ಮಗುವಿನ ಮೇಲೆ ಬರುತ್ತದೆಂದು ಕಣ್ಣೀರು ಹಾಕುತ್ತಾರೆ. ಅವರ ಭಕ್ತಿಯನ್ನು ಹಗುರ ಮಾಡದೆ ತಡೆಯಲು ದಾರಿಯಿದೆಯೇ?

ಉತ್ತರ (ಚಿತ್ರದುರ್ಗದಿಂದ)
ಹುತ್ತವನ್ನು ಬಡಿದರೆ ಹಾವು ಸಾಯುವುದೇ ಎಂದು ಬಸವಣ್ಣನವರು ಕೇಳಿದ್ದು ಇಂಥ ದೇಹದಂಡನೆಯನ್ನು ಕುರಿತೇ. ಕೆನ್ನೆಗೆ ಸರಳು ಚುಚ್ಚಿಕೊಳ್ಳುವ ಬಾಯಿಬೀಗದಂಥ ಆಚರಣೆಗಳನ್ನು 2017ರ ರಾಜ್ಯ ಕಾಯ್ದೆಯೇ ನಿಷೇಧಿಸಿದೆ. ದೀಡು ನಮಸ್ಕಾರ ಆ ಬಗೆಯದಲ್ಲ, ನಿಜ. ಆದರೂ ಆ ವಚನವನ್ನು ಅವ್ವನವರಿಗೆ ಓದಿ ಹೇಳಿ.

ಉತ್ತರ (ಹರಿಹರದ ವೈದ್ಯ)
ಮೊಮ್ಮಗಳಿಗಾಗಿ ಹರಕೆ ಹೊತ್ತ ಹಿರಿಯರಿಗೆ ಆ ವಚನ ಈಗ ಬೈಗುಳದಂತೆ ಕೇಳಿಸೀತು. ದೇಹದ ಮಾತನ್ನೇ ಹೇಳುವುದು ಮೇಲು. ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನಾಗಲಿ ಇನ್ಸುಲಿನ್ನನ್ನಾಗಲಿ ತೆಗೆದುಕೊಂಡು ಊಟ ಬಿಟ್ಟರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದು, ಬೆವರು, ನಡುಕ ಬಂದು, ಕೊನೆಗೆ ಎಚ್ಚರವೂ ತಪ್ಪಬಹುದು. ಅದಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು: ಬಹಳ ವರ್ಷದ ಸಕ್ಕರೆ ಕಾಯಿಲೆಯಲ್ಲಿ ಅಂಗಾಲಿನ ನರಗಳು ಮಂದವಾಗುವುದರಿಂದ, ಕಾದ ಡಾಂಬರಿನ ಮೇಲೆ ಬೊಬ್ಬೆ ಎದ್ದರೂ ಅವರಿಗೆ ಉರಿ ತಿಳಿಯದೇ ಹೋಗಬಹುದು, ಆ ಗಾಯ ಮಾಯಲು ತಿಂಗಳುಗಳೇ ಹಿಡಿಯಬಹುದು. ಮೊದಲು ಅವರ ಪಾದ ಪರೀಕ್ಷೆ ಮಾಡಿಸಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಉತ್ತರ (ಜಗಳೂರಿನ ಗೃಹಿಣಿ)
ನಮ್ಮತ್ತೆಯವರ ಮಂಡಿ ಕೈಕೊಟ್ಟಾಗ ಅವರ ಹರಕೆಯನ್ನು ನಾನು ತೀರಿಸಿದೆ. ನಸುಕಿನಲ್ಲಿ, ನೆಲ ಕಾಯುವ ಮೊದಲೇ ಹೊರಟೆವು. ಅಡ್ಡಬಿದ್ದು, ಕೈ ಚಾಚಿದಲ್ಲಿಗೆ ಗೆರೆ ಎಳೆದು, ಎದ್ದು ಆ ಗೆರೆಯ ಮೇಲೆ ನಿಂತು ಮತ್ತೆ ಅಡ್ಡಬೀಳುತ್ತ ಹೋದಂತೆ ಮೊಣಕೈ ತರಚಿತು, ಬಾಯಿ ಒಣಗಿತು. ಆದರೆ ಅರ್ಧ ದಾರಿಯಲ್ಲಿ ಮನಸ್ಸು ಎಷ್ಟು ಹಗುರವಾಯಿತೆಂದರೆ, ಇದನ್ನು ಮೂಢತನವೆಂದು ತಳ್ಳಿಹಾಕುವವರ ಮಾತನ್ನು ನಾನು ಇಂದಿಗೂ ಒಪ್ಪಲಾರೆ. ಅತ್ತೆಯವರು ಬೇವಿನ ಸೊಪ್ಪು ಹಿಡಿದು ಜೊತೆಗೆ ನಿಧಾನವಾಗಿ ನಡೆದು, ಗುಡಿಯಲ್ಲಿ ತಪ್ಪುಕಾಣಿಕೆ ಇಟ್ಟರು. ಹರಕೆ ಮನೆತನದ್ದು, ಮನೆಯವರು ಯಾರು ತೀರಿಸಿದರೂ ಸಲ್ಲುತ್ತದೆಂದು ನಮ್ಮ ಕಡೆ ನಂಬಿಕೆಯಿದೆ.

ಪ್ರಶ್ನೆ ಕೇಳಿದವರು
ನಾನೇ ಹಾಕುತ್ತೇನೆಂದು ರಾತ್ರಿ ಅವ್ವನಿಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಗೆರೆ ನಾನೇ ಎಳೀತೀನಿ" ಎಂದರು. ಸೋಮವಾರ ಪಾದ ಪರೀಕ್ಷೆಗೆ ಕರೆದೊಯ್ಯುತ್ತಿದ್ದೇನೆ.